ಇಂಟೆಲ್‌ನ ತಲೆಲೆಕ್ಕ ಓದುವುದು ಹೇಗೆ?

2025ರ ಕೊನೆಗೆ ತನ್ನ ನೌಕರರ ಸಂಖ್ಯೆ ಸುಮಾರು 75,000ಕ್ಕೆ ಇಳಿಯುತ್ತದೆ ಎಂದು ಚಿಪ್ ತಯಾರಕ ಇಂಟೆಲ್ ಆ ವರ್ಷದ ಜುಲೈನಲ್ಲಿ ಹೇಳಿತು. ವಾರ್ಷಿಕ ವರದಿಯಲ್ಲಿದ್ದ 2024ರ ಸಂಖ್ಯೆ 1,08,900. ಎರಡನ್ನೂ ಕಳೆದರೆ ಮೂವರಲ್ಲಿ ಒಬ್ಬರು ಹೊರಗೆ ಅನ್ನಿಸುತ್ತದೆ, ಆದರೆ ಆ ಲೆಕ್ಕ ತಪ್ಪು. 1,08,900ರಲ್ಲಿ ಮೊಬೈಲ್‌ಐಯಂಥ ಅಂಗಸಂಸ್ಥೆಗಳವರೂ ಸೇರಿದ್ದರು. 75,000 ಅನ್ನುವುದು ಮೂಲ ಕಂಪನಿಯದಷ್ಟೇ. ಅದೇ ಅಳತೆಯಲ್ಲಿ 2024ರ ಸಂಖ್ಯೆ 99,500. ಅಂದರೆ ಇಳಿಕೆ 24,500, ನಾಲ್ವರಲ್ಲಿ ಒಬ್ಬರು. ತಾವಾಗಿ ಬಿಟ್ಟುಹೋದವರೂ ಇದರಲ್ಲಿ ಸೇರಿದ್ದಾರೆ. ಹಾಗಿದ್ದರೂ ಇದು ದೊಡ್ಡ ಏಟೇ.

ಇನ್ನೊಂದು ತಪ್ಪು, ಚಿಪ್ ವಿನ್ಯಾಸದ ಕಂಪನಿ ಎನ್‌ವಿಡಿಯಾದ ಜೊತೆ ಹೋಲಿಸುವುದು. 2025ರ ಜನವರಿಯಲ್ಲಿ ಅಲ್ಲಿದ್ದವರು ಸುಮಾರು 36,000. ಅವರಲ್ಲಿ 27,100 ಮಂದಿ ಸಂಶೋಧನೆ ಮತ್ತು ಅಭಿವೃದ್ಧಿಯವರು. ಅವರ ಚಿಪ್ ತಯಾರಿಸುವ ಕೈಗಳು ತೈವಾನಿನ ಟಿಎಸ್‌ಎಂಸಿಯ ಲೆಕ್ಕದಲ್ಲಿವೆ. ಇಂಟೆಲ್‌ಗೆ ಸ್ವಂತ ಫ್ಯಾಬ್‌ಗಳಿವೆ, ಅಂದರೆ ಚಿಪ್ ಕಾರ್ಖಾನೆಗಳಿವೆ.

ಫ್ಯಾಬ್ ಯಾಕೆ ಇಷ್ಟು ಜನರನ್ನು ಬೇಡುತ್ತದೆ? ವಾರಕ್ಕೆ 168 ಗಂಟೆ, ಅದು ನಿಲ್ಲುವುದೇ ಇಲ್ಲ. 12 ಗಂಟೆಯ ಪಾಳಿ, ಒಂದು ವಾರ ಮೂರು ದಿನ, ಮುಂದಿನ ವಾರ ನಾಲ್ಕು: ಸರಾಸರಿ 42 ಗಂಟೆ. 168ನ್ನು 42ರಿಂದ ಭಾಗಿಸಿದರೆ ನಾಲ್ಕು. ಹಾಗಾಗಿ ಒಂದು ಜಾಗಕ್ಕೆ ನಾಲ್ವರು ಬೇಕು, ರಜೆ ಮತ್ತು ತರಬೇತಿಗೆ ಬದಲಿಯವರು ಬೇರೆ. ವೇಫರ್ (ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆ) ತುಂಬಿದ ಡಬ್ಬಿಗಳು ಚಾವಣಿಯ ಹಳಿಯ ಮೇಲೆ ತಾವೇ ಓಡಾಡುತ್ತವೆ, ಒಂದರಲ್ಲಿ 25 ವೇಫರ್. ಜನ ಬೇಕಾಗುವುದು ಯಂತ್ರ ಕೆಟ್ಟಾಗ, ತೊಳೆಯುವ ಸರದಿ ಬಂದಾಗ. ಎಚ್ಚಿಂಗ್ (ವೇಫರ್ ಮೇಲೆ ವಿನ್ಯಾಸ ಕೊರೆಯುವ) ಯಂತ್ರದ ಕೋಣೆ ತೆರೆದು, ಸವೆದ ಭಾಗ ಬದಲಿಸಿ, ಒರೆಸಿ, ಮತ್ತೆ ನಿರ್ವಾತಕ್ಕೆ ತಂದು, ಸೋರಿಕೆ ನೋಡಿ, ಪರೀಕ್ಷಾ ವೇಫರ್ ಓಡಿಸಿ ಧೂಳಿನ ಕಣ ಎಣಿಸಬೇಕು. ಕಣ ಹೆಚ್ಚು ಬಂದರೆ ಮತ್ತೆ ಮೊದಲಿಂದ. ಪಳಗಿದ ಟೆಕ್ನಿಷಿಯನ್ ಇಲ್ಲದಿದ್ದರೆ ಯಂತ್ರ ಇನ್ನಷ್ಟು ಹೊತ್ತು ನಿಂತಿರುತ್ತದೆ, ಹಿಂದೆ ವೇಫರ್ ಸಾಲುಗಟ್ಟುತ್ತದೆ. ಕೆಲವು ಹಂತಗಳ ನಡುವೆ ಇಂತಿಷ್ಟೇ ಹೊತ್ತು ಕಾಯಬಹುದು ಎಂಬ ಮಿತಿಯಿದೆ. ಮೀರಿದರೆ ವೇಫರ್ ಹಾಳಾಗಬಹುದು. ಹಾಗಾಗಿ ಫ್ಯಾಬ್‌ನಲ್ಲಿ ತೆಗೆದ ಒಬ್ಬನನ್ನೂ ಕಚೇರಿಯಲ್ಲಿ ತೆಗೆದ ಒಬ್ಬನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಊರು ನೋಡಿದರೆ ಕೆಲಸ ತಿಳಿಯುತ್ತದೆ. ವೇಫರ್ ಕೆಲಸ ಅಮೆರಿಕದ ಆರೆಗಾನ್, ಅರಿಜೋನಾ, ಐರ್ಲೆಂಡಿನ ಲೀಕ್ಸ್‌ಲಿಪ್, ಇಸ್ರೇಲಿನ ಕಿರ್ಯಾತ್ ಗತ್‌ನಲ್ಲಿ. ಜೋಡಣೆ, ಪರೀಕ್ಷೆ ಮಲೇಷ್ಯಾದ ಪೆನಾಂಗ್, ವಿಯೆಟ್ನಾಂನ ಹೋ ಚಿ ಮಿನ್ ಸಿಟಿ, ಚೀನಾದ ಚೆಂಗ್ಡುವಿನಲ್ಲಿ. ಬೆಂಗಳೂರಿನಲ್ಲಿ ವಿನ್ಯಾಸ ಮತ್ತು ಸಾಫ್ಟ್‌ವೇರ್. ಇಂಟೆಲ್‌ನ ಫ್ಯಾಬ್ ಭಾರತದಲ್ಲಿ ಇಲ್ಲ. ಆದ್ದರಿಂದ ಜಾಗತಿಕ ಶೇಕಡಾವಾರನ್ನು ಹಾಗೇ ಬೆಂಗಳೂರಿಗೆ ಅನ್ವಯಿಸಿ ಗಾಬರಿಯಾಗಬೇಡಿ. ಯಾವ ವಿಭಾಗ, ಯಾವ ಉತ್ಪನ್ನ ಎಂದು ಮೊದಲು ಕೇಳಿ.

ಇಂಟೆಲ್‌ನ ಗುರುತಿನ ಬ್ಯಾಡ್ಜ್ ಬಣ್ಣವನ್ನೂ ಮರೆಯಬಾರದು. ನೀಲಿ ಬ್ಯಾಡ್ಜ್ ಅಂದರೆ ನೌಕರ, ಹಸಿರು ಅಂದರೆ ಗುತ್ತಿಗೆಯವರು. ಯಂತ್ರ ಮಾರಿದ ಕಂಪನಿಗಳ ಎಂಜಿನಿಯರುಗಳೂ ಫ್ಯಾಬ್‌ನ ಅದೇ ಧೂಳಿಲ್ಲದ ಕ್ಲೀನ್‌ರೂಮಿನಲ್ಲಿ, ಅದೇ ಬಿಳಿ ಉಡುಪಿನಲ್ಲಿ ನಿಂತಿರುತ್ತಾರೆ. ಮೇಲಿನ 99,500ರಲ್ಲಿ ಹಸಿರು ಬ್ಯಾಡ್ಜಿನವರು ಒಬ್ಬರೂ ಇಲ್ಲ.