ಹೊಸ ಖಾತೆ ತೆರೆದೆ, ಹಳೆಯದನ್ನು ಮುಚ್ಚಲಿಲ್ಲ

ನಮ್ಮ ಬ್ಯಾಂಕಿನ ಶಾಖೆ ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಗೆ ಹೋದ ಮೇಲೆ ಅತ್ತೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಆ ಮೆಟ್ಟಿಲು ಹತ್ತುವುದು ನನ್ನಿಂದಾಗದು, ಬೇರೆ ಬ್ಯಾಂಕ್ ನೋಡು." ಅವರದನ್ನು ಬದಲಿಸುವಾಗ ನನ್ನದನ್ನೂ ಬದಲಿಸಿಬಿಡೋಣ ಎಂದುಕೊಂಡೆ.

ಹೊಸ ಖಾತೆ ತೆರೆಯುವುದು ದೊಡ್ಡ ಕೆಲಸವಲ್ಲ. ಆಧಾರ್, ಪ್ಯಾನ್, ಫೋಟೊ, ನಾಮಿನಿಯ ಹೆಸರು, ಮುಗಿಯಿತು. ಹಳೆಯ ಖಾತೆ ಸಂಖ್ಯೆಯನ್ನು ಎಲ್ಲೆಲ್ಲಿ ಕೊಟ್ಟಿದ್ದೇವೆ ಎಂದು ಹುಡುಕುವುದೇ ತಲೆನೋವು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಲ್ಲೇ ಬಂತು. ಖಾತೆ ಸಂಖ್ಯೆಗೂ ಅಂಥದ್ದು ಬೇಕೆಂದು ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಎಸ್.ಎಸ್. ಮುಂದ್ರಾ 2017ರಲ್ಲಿ ಮಾತೆತ್ತಿದ್ದರು. ನಾನಂತೂ ಹೊಸ ಸಂಖ್ಯೆಯನ್ನೇ ಬಾಯಿಪಾಠ ಮಾಡಬೇಕಾಯಿತು.

ಅತ್ತೆಯವರಿಗೆ ಇದ್ದದ್ದು ಒಂದೇ ಚಿಂತೆ: ಗೃಹಲಕ್ಷ್ಮಿಯ ಎರಡು ಸಾವಿರ. ಕೌಂಟರಿನ ಹುಡುಗ "ಆಧಾರ್ ಲಿಂಕ್ ಆಗಿದೆ ಅಜ್ಜಿ" ಎಂದು ಕಳುಹಿಸಿಬಿಟ್ಟ. ಅಷ್ಟರಿಂದ ಹಣ ಬರುವುದಿಲ್ಲ. ಖಾತೆಯ ದಾಖಲೆಗೆ ಆಧಾರ್ ಸೇರಿಸುವುದು ಒಂದು, ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ದಾಖಲಿಸುವುದು, ಅಂದರೆ ಸೀಡಿಂಗ್ ಮಾಡಿಸುವುದು ಇನ್ನೊಂದು. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಮನೆಗೆ ಬಂದು ಆಧಾರ್ ಜಾಲತಾಣದಲ್ಲಿ ಸೀಡಿಂಗ್ ಸ್ಥಿತಿ ನೋಡಿದರೆ, ಊಹಿಸಿದಂತೆ ಹಳೆಯ ಬ್ಯಾಂಕಿನ ಹೆಸರೇ ಇತ್ತು. ಮತ್ತೆ ಹೋಗಿ ಸೀಡಿಂಗ್‌ಗೆಂದೇ ಬೇರೆ ಅರ್ಜಿ ಬರೆದುಕೊಟ್ಟೆವು. ಹೊಸ ಬ್ಯಾಂಕಿನ ಹೆಸರು ಕಾಣಿಸುವವರೆಗೆ ಅತ್ತೆಯವರ ಹಳೆಯ ಖಾತೆಯನ್ನು ಮುಟ್ಟಲು ನಾನು ಬಿಡಲಿಲ್ಲ.

ನನ್ನ ಸರದಿ ಬಂದಾಗ ಮಾಡಿದ ಮೊದಲ ಕೆಲಸವೆಂದರೆ ಒಂದು ವರ್ಷದ ಪಾಸ್‌ಬುಕ್ ಎಂಟ್ರಿಗಳನ್ನು ಪೆನ್ಸಿಲ್ ಹಿಡಿದು ಓದಿದ್ದು. ಎರಡು ಮೂರು ತಿಂಗಳದ್ದು ಸಾಲದು, ವರ್ಷಕ್ಕೊಮ್ಮೆ ಮಾತ್ರ ತಲೆ ತೋರಿಸುವ ಎಂಟ್ರಿಗಳಿರುತ್ತವೆ. ಗ್ಯಾಸ್ ಸಬ್ಸಿಡಿ, ವಿಮೆಯ ಕಂತು ಎಲ್ಲ ನಿರೀಕ್ಷಿಸಿದ್ದವೇ. ಮೇ ಕೊನೆಯಲ್ಲಿ ಮಾತ್ರ ಎರಡು ಸಣ್ಣ ಕಡಿತಗಳಿದ್ದವು: 436 ರೂಪಾಯಿ ಮತ್ತು 20 ರೂಪಾಯಿ. ಪ್ರಧಾನಮಂತ್ರಿ ಜೀವನ ಜ್ಯೋತಿ ಮತ್ತು ಸುರಕ್ಷಾ ಬಿಮಾ. 2015ರಲ್ಲಿ ಯೋಜನೆ ಬಂದ ಹೊಸತರಲ್ಲಿ ಬ್ಯಾಂಕಿನವರು ಕೊಟ್ಟ ಫಾರಂಗೆ ಸಹಿ ಹಾಕಿದ್ದೆ.

ಇವು ನಿಂತಿರುವುದೇ ಖಾತೆಯ ಮೇಲೆ. ಖಾತೆ ಮುಚ್ಚಿದರೆ ವಿಮೆಯೂ ಹೋಯಿತು. ಸುರಕ್ಷಾ ಬಿಮಾಕ್ಕೆ ಎಪ್ಪತ್ತರವರೆಗೂ ಸೇರಬಹುದು, ಆದ್ದರಿಂದ ಅದನ್ನು ಹೊಸ ಬ್ಯಾಂಕಿನಲ್ಲೇ ಮಾಡಿಸಬಹುದು. ಜೀವನ ಜ್ಯೋತಿ ಹಾಗಲ್ಲ. ಐವತ್ತರೊಳಗೆ ಸೇರಿದ್ದರೆ ಐವತ್ತೈದರವರೆಗೆ ಮುಂದುವರಿಯಬಹುದು, ಐವತ್ತು ದಾಟಿದವರಿಗೆ ಹೊಸದಾಗಿ ಪ್ರವೇಶವಿಲ್ಲ. ನನಗೀಗ ಐವತ್ತೆರಡು. ಎರಡು ಲಕ್ಷದ ರಕ್ಷಣೆಯನ್ನು ಮೆಟ್ಟಿಲಿನ ಮೇಲಿನ ಸಿಟ್ಟಿಗಾಗಿ ಬಿಡುವಷ್ಟು ಧಾರಾಳಿ ನಾನಲ್ಲ.

ಹಾಗಾಗಿ ಸಂಬಳ, ಕಂತುಗಳು, ಯುಪಿಐ ಎಲ್ಲ ಹೊಸ ಬ್ಯಾಂಕಿಗೆ ಹೋದವು. ಹಳೆಯದರಲ್ಲಿ ಕನಿಷ್ಠ ಮೊತ್ತದ ಜೊತೆಗೆ ಮೇ ತಿಂಗಳ ಕಡಿತಕ್ಕೆ ಬೇಕಾದಷ್ಟು ಇಟ್ಟಿದ್ದೇನೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆಯನ್ನು ನಿಷ್ಕ್ರಿಯ ಎಂದುಬಿಡುತ್ತಾರೆ, ಅದಕ್ಕಾಗಿ ಆಗಾಗ ನೂರಿನ್ನೂರು ರೂಪಾಯಿ ಅತ್ತ ಇತ್ತ ಕಳುಹಿಸುತ್ತೇನೆ. ಚೆಕ್‌ಬುಕ್ ಮಾತ್ರ ಹಿಂತಿರುಗಿಸಿದೆ.