ಪಿತ್ತ ಕಟ್ಟಿದ ಕೂಸಿನ ತುರಿಕೆ: ಯಾವ ಔಷಧ, ಯಾವ ಹೊತ್ತಿಗೆ

ಲಿವರ್‌ನಿಂದ ಪಿತ್ತರಸ ಸರಿಯಾಗಿ ಹರಿಯದಿದ್ದರೆ ಕೂಸು ರಾತ್ರಿಯಿಡೀ ಅಂಗೈ, ಅಂಗಾಲು ಕೆರೆದುಕೊಳ್ಳುತ್ತದೆ. ಮೈಮೇಲೆ ದದ್ದು ಇರುವುದಿಲ್ಲ, ಕಾಣುವುದೆಲ್ಲ ಉಗುರಿನ ಗೀರು. ಕೆಲವು ಮಕ್ಕಳಿಗೆ ಕಾಮಣಿಯ ಹಳದಿಯೂ ಇರುವುದಿಲ್ಲ. ಹೀಗಾಗಿ ಕಜ್ಜಿಯೆಂದು ಮುಲಾಮು ಹಚ್ಚುತ್ತಲೇ ತಿಂಗಳು ಕಳೆಯುತ್ತವೆ. ಅಂಗಡಿಯಲ್ಲಿ ಕೇಳಿ ತರುವ ತುರಿಕೆಯ ಸಿರಪ್ ನಿದ್ದೆ ತರಿಸೀತು, ತುರಿಕೆ ನಿಲ್ಲಿಸದು. ಆ ಸಿರಪ್ ತಡೆಯುವುದು ಅಲರ್ಜಿಯಲ್ಲಿ ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು, ಇಲ್ಲಿ ಮುಖ್ಯ ಕಾರಣ ಅದಲ್ಲ.

ಸಾಮಾನ್ಯವಾಗಿ ಮೊದಲು ಬರೆಯುವುದು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ (ಚಿಕ್ಕದಾಗಿ ಅರ್ಸೋ), ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 20 ಮಿ.ಗ್ರಾಂ. 10 ಕಿಲೋ ಕೂಸಿಗೆ 200 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ. ಇದು ಪಿತ್ತ ಹರಿಯಲು ನೆರವಾಗುತ್ತದೆ, ಆದರೆ ಇದೊಂದರಿಂದಲೇ ತುರಿಕೆ ಅಡಗುವುದು ಅಪರೂಪ.

ಆಮೇಲೆ ರಿಫಾಂಪಿಸಿನ್, ದಿನಕ್ಕೆ ಕಿಲೋಗೆ 5ರಿಂದ 10 ಮಿ.ಗ್ರಾಂ. 5 ಮಿ.ಲೀ.ಗೆ 100 ಮಿ.ಗ್ರಾಂ ಇರುವ ಸಿರಪ್ ಆದರೆ ಅದೇ ಕೂಸಿಗೆ 2.5 ಮಿ.ಲೀ.ಯಿಂದ ಶುರು. ಬಾಟಲಿ ಚೆನ್ನಾಗಿ ಅಲುಗಾಡಿಸಿ, ಚಮಚ ಬಿಟ್ಟು ಸಿರಿಂಜಿನಲ್ಲಿ ಅಳೆಯಿರಿ. ಚೀಟಿ ನೋಡಿ 'ಟಿಬಿ ಐತೇನ್ರೀ?' ಎಂದು ಅಜ್ಜಿ ಗಾಬರಿಯಾಗುವುದು ಸಹಜ. ಟಿಬಿಗೆ ಕೊಡುವ ಔಷಧ ಹೌದು, ಇಲ್ಲಿ ಕೆಲಸ ಬೇರೆ. ಮೂತ್ರ, ಕಣ್ಣೀರು ಕೆಂಪು-ಕಿತ್ತಳೆಯಾದರೆ ಹೆದರಬೇಡಿ. ವಾಂತಿ, ಊಟ ಬೇಡವೆನ್ನುವುದು, ಹಳದಿ ಏರುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ: ಇದೇ ಔಷಧ ಲಿವರ್‌ಗೆ ಪೆಟ್ಟು ಕೊಡಬಲ್ಲದು. ಆಗಾಗ ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತಪರೀಕ್ಷೆ, ಮಾಡಿಸುವುದು ಅದಕ್ಕೇ.

ಹೆಚ್ಚು ಎಡವಟ್ಟಾಗುವುದು ಕೊಲೆಸ್ಟೈರಮಿನ್ ಪುಡಿಯಲ್ಲಿ. ಪಿತ್ತರಸದಲ್ಲಿರುವ ಪಿತ್ತಾಮ್ಲವನ್ನು ಕರುಳಿನಲ್ಲಿ ಹಿಡಿದು ಮಲದ ಜತೆ ಹೊರಹಾಕುವ ಈ ಪುಡಿ, ಕೈಗೆ ಸಿಕ್ಕ ಬೇರೆ ಔಷಧವನ್ನೂ ವಿಟಮಿನ್ನನ್ನೂ ಹಿಡಿದುಕೊಳ್ಳುತ್ತದೆ. ಉಳಿದ ಔಷಧ ಇದಕ್ಕಿಂತ ಒಂದು ತಾಸು ಮೊದಲು ಅಥವಾ 4ರಿಂದ 6 ತಾಸು ನಂತರ. ಉದಾಹರಣೆಗೆ ಬೆಳಗ್ಗೆ 6ಕ್ಕೆ ಖಾಲಿ ಹೊಟ್ಟೆಗೆ ರಿಫಾಂಪಿಸಿನ್, 8ಕ್ಕೆ ನಾಷ್ಟಾದ ಹೊತ್ತಿಗೆ ನೀರಿನಲ್ಲಿ ಕದಡಿದ ಪುಡಿ, ಮಧ್ಯಾಹ್ನ 2 ಮತ್ತು ರಾತ್ರಿ 8ಕ್ಕೆ ಅರ್ಸೋ. ಪುಡಿಯನ್ನು ಒಣದಾಗಿ ಬಾಯಿಗೆ ಹಾಕಬಾರದು, ಗಂಟಲಿಗೆ ಸಿಕ್ಕೀತು. ರೋಣ, ಸವಣೂರಿನಿಂದ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಟ ದಿನ ಎಲ್ಲ ಔಷಧ ಒಟ್ಟಿಗೆ ಕುಡಿಸಿಬಿಡುವ ರೂಢಿ ಬಿಡಿ. ಆ ದಿನ ಪುಡಿಯನ್ನು ಎಲ್ಲಿಗೆ ತಳ್ಳಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಪಿತ್ತ ಕಟ್ಟುವ ಪಿಎಫ್‌ಐಸಿ ಎಂಬ ಆನುವಂಶಿಕ ಕಾಯಿಲೆಗೆ ಒಡೆವಿಕ್ಸಿಬ್ಯಾಟ್, ಲಿವರ್‌ನಲ್ಲಿ ಪಿತ್ತನಾಳಗಳು ಕಡಿಮೆಯಿರುವ ಅಲಜಿಲ್ ಸಿಂಡ್ರೋಮ್ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಗೆ ಮರಾಲಿಕ್ಸಿಬ್ಯಾಟ್ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಪಿತ್ತಾಮ್ಲ ಕರುಳಿನಿಂದ ಲಿವರ್‌ಗೆ ಮರಳುವ ದಾರಿಯನ್ನೇ ಇವು ಮುಚ್ಚುತ್ತವೆ. ಬೆಲೆ ವಿಪರೀತ, ಭೇದಿಯೂ ಆಗಬಹುದು. ಒಡೆವಿಕ್ಸಿಬ್ಯಾಟ್ ಕಾಳುಗಳನ್ನು ಕಿವುಚಿದ ಬಾಳೆಹಣ್ಣಿನ ಮೇಲೆ ಉದುರಿಸಿ ಕೊಡುವುದು. ಬಿಸಿ ಅನ್ನಕ್ಕೆ ಬೇಡ, ಕಾಳು ಅಗಿಯಲೂಬಾರದು.

ಏಪ್ರಿಲ್ ಸೆಕೆಯಲ್ಲಿ ತುರಿಕೆ ಇಮ್ಮಡಿ. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರು ಹಾಕಿ, ಮೈ ಒರೆಸಿದ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚಿ, ತೊಳೆದು ಮೆತ್ತಗಾದ ಹಳೇ ಕೌದಿಯ ಮೇಲೆ ಮಲಗಿಸಿ. ಕೆರೆದ ಗಾಯದ ಅಥವಾ ವಸಡಿನ ರಕ್ತ ನಿಲ್ಲದಿದ್ದರೆ ಅದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಯ ಕೊರತೆಯಿರಬಹುದು. ಬೆಳಗಾಗಲಿ ಎಂದು ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಿ, ಔಷಧದ ಬಾಟಲಿಗಳೂ ಚೀಲದಲ್ಲಿರಲಿ.