ಮಗು ಮನೇಲಿ ಪ್ರಾಕ್ಟೀಸ್ ಮಾಡಲ್ಲ ಮೇಡಂ, ಏನ್ಮಾಡೋದು?

ಕೋಲಾರದಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಪಾಠ ಮುಗಿದು ಮಕ್ಕಳು ಚಪ್ಪಲಿ ಹುಡುಕುವ ಹೊತ್ತಿಗೆ ಗೇಟಿನ ಹತ್ತಿರ ಈ ಪ್ರಶ್ನೆ ಬರುತ್ತದೆ. "ಮನೇಲಿ ಪ್ರಾಕ್ಟೀಸೇ ಮಾಡಲ್ಲ ಮೇಡಂ. ನೀವು ಸ್ವಲ್ಪ ಗದರಿಸಿ." ಕೇಳುವವರು ಗಾಡಿ ಆಫ್ ಮಾಡಿರುವುದಿಲ್ಲ. ಮಗು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ, ಡೂಂಲೈಟ್ ಸರ್ಕಲ್‌ನಲ್ಲಿ ಬಸ್ಸಿಗೆ ಕಾಯುವಾಗಲೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ನಾನು ಗದರಿಸುವುದಿಲ್ಲ. ಮಗು ನನ್ನ ಹತ್ತಿರ ಇರುವುದು ವಾರಕ್ಕೆ ಎರಡು ಗಂಟೆ. ಅಷ್ಟರಲ್ಲಿ ಅದಕ್ಕೆ ನನ್ನನ್ನು ಕಂಡರೆ ಹೆದರಿಕೆ ಹುಟ್ಟಿದರೆ ಗಂಟಲು ಬಿಗಿಯುತ್ತದೆ. ಬಿಗಿದ ಗಂಟಲಿಗೆ ತಾರ ಷಡ್ಜ, ಅಂದರೆ ಮೇಲಿನ ಸ, ಸಿಗುವುದಿಲ್ಲ, ಕಿರುಚಾಟ ಬರುತ್ತದೆ ಅಷ್ಟೇ. ಉಳಿದ ಹೊತ್ತೆಲ್ಲ ಮಗು ನಿಮ್ಮ ಮನೆಯಲ್ಲಿರುತ್ತದೆ. ಹಾಗಾಗಿ ಮೊದಲು ನಿಮ್ಮ ಮನೆಯನ್ನೇ ನೋಡೋಣ.

ಹಾಡುವಾಗ ಹಿಂದೆ ನುಡಿಯುತ್ತಿರಬೇಕಾದ ಆಧಾರ ಸ್ವರ, ಅಂದರೆ ಶ್ರುತಿ, ಎಲ್ಲಿದೆ? ಮುಕ್ಕಾಲು ಪಾಲು ಮನೆಗಳಲ್ಲಿ ಅಪ್ಪನ ಮೊಬೈಲಿನಲ್ಲಿದೆ. ಅಪ್ಪ ಬೆಳಿಗ್ಗೆ ಬೆಂಗಳೂರಿಗೆ ಹೋಗುತ್ತಾರೆ, ತಂಬೂರಿ ಆ್ಯಪ್ ಕೂಡ ಅವರ ಜೊತೆ ಬಸ್ ಹತ್ತುತ್ತದೆ. ರಾತ್ರಿ ಮೊಬೈಲ್ ಮನೆಗೆ ಬಂದಾಗ ಮಗುವಿಗೆ ನಿದ್ದೆ. ಭಾನುವಾರ ಹೇಗೋ ಸಿಕ್ಕಿತು ಅನ್ನಿ, ಎರಡನೇ ಸರಳೆಗೆ (ಸರಳೆ ಅಂದರೆ ಸ್ವರಗಳ ಮೊದಲ ಪಾಠ) ವಾಟ್ಸಾಪ್ ಟಿಂಗ್ ಅನ್ನುತ್ತದೆ, ಮೂರನೆಯದಕ್ಕೆ ಯಾರದೋ ಫೋನ್ ಬರುತ್ತದೆ. ಮಗು ಪ್ರಾಕ್ಟೀಸ್ ಮಾಡಲ್ಲ ಅಂತ ದೂರುವ ಮೊದಲು ಒಂದು ಸಣ್ಣ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತನ್ನಿ. ಅದನ್ನು ಎಷ್ಟನೇ ಮನೆಗೆ, ಅಂದರೆ ಎಷ್ಟು ಎತ್ತರದ ಸ್ವರಕ್ಕೆ, ಇಡಬೇಕು ಅಂತ ನನ್ನನ್ನು ಕೇಳಿ, ಮಗುವಿನ ದನಿ ನೋಡಿ ಹೇಳುತ್ತೇನೆ. ಐದಾದರೆ ಐದಕ್ಕೇ ಇಟ್ಟು, ಮಗುವಿನ ಕೈಗೆಟುಕುವ ಕಡೆ ಇಡಿ.

ಇನ್ನೊಂದು. "ಟಿವಿ ಆಫ್ ಮಾಡು, ಹೋಗಿ ಸಂಗೀತ ಪ್ರಾಕ್ಟೀಸ್ ಮಾಡು" ಅನ್ನುತ್ತೀರಿ. ತಂಗಿ ಜೊತೆ ಜಗಳ ಆಡಿದರೂ "ಹೋಗು, ಸಂಗೀತ ಹೇಳು". ಶಾಲೆಯ ಪರೀಕ್ಷೆ ಬಂದ ತಕ್ಷಣ ಮೊದಲು ನಿಲ್ಲಿಸುವುದು ಮಾತ್ರ ಸಂಗೀತದ ಕ್ಲಾಸು. ಅಂದರೆ ಅದು ಶಿಕ್ಷೆಗೆ ಬೇಕು, ಕಷ್ಟ ಬಂದರೆ ಬೇಡ. ಮಕ್ಕಳಿಗೆ ಇದೆಲ್ಲ ಚೆನ್ನಾಗಿ ಗೊತ್ತಾಗುತ್ತದೆ. ನೆಂಟರು ಬಂದಾಗ "ಒಂದು ಹಾಡು ಹೇಳು ಪುಟ್ಟಾ" ಅಂತ ನಿಲ್ಲಿಸಿ, ಮಗು ಹಾಡುವಾಗ ದೊಡ್ಡವರು ಬೋಂಡಾ ಚೆನ್ನಾಗಿದೆ ಅಂತ ಮಾತಾಡುವುದನ್ನೂ ಅವು ಮರೆಯುವುದಿಲ್ಲ.

ಇನ್ನು ಪ್ರಾಕ್ಟೀಸ್ ಮಾಡುವ ಮಕ್ಕಳ ಕಥೆ. ಅವರೂ ದಿನಾ ಒಂದನೇ ಸರಳೆಯಿಂದ ಶುರು ಮಾಡುತ್ತಾರೆ. ಬರುವ ನಾಲ್ಕನ್ನು ಓಡಿಸಿ ಎದ್ದುಬಿಡುತ್ತಾರೆ. ಬಾರದ್ದು ಹಾಗೇ ಉಳಿಯುತ್ತದೆ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಎಲ್ಲಿ ತಪ್ಪುತ್ತೋ ಆ ಒಂದು ಸಾಲು ಹಿಡಿ. ಒಂದೊಂದು ಸ್ವರವನ್ನೂ ಎರಡೆರಡು ಸಲ ಹೇಳುವ ಜಂಟಿ ವರಸೆಯಲ್ಲಿ "ದದ ನಿನಿ" ಜಾರುತ್ತಿದೆಯಾ? ಎರಡನೇ ದ, ಎರಡನೇ ನಿ ಮೇಲೆ ಒತ್ತು ಕೊಟ್ಟು ಅದಷ್ಟನ್ನೇ ಒಂದನೇ ಕಾಲದಲ್ಲಿ ನಿಧಾನವಾಗಿ ಹೇಳು. ಅದು ಸರಿಯಾಗಿ ಕೂತ ಮೇಲೆ ಎರಡನೇ ಕಾಲಕ್ಕೆ, ಅಂದರೆ ಅದರ ಎರಡರಷ್ಟು ವೇಗಕ್ಕೆ, ಹೋಗು. ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು. ಶನಿವಾರ ಒಟ್ಟಿಗೆ ಎರಡು ಗಂಟೆ ಕೂರಿಸಿದರೆ ದನಿ ದಣಿಯುತ್ತದೆ, ಪಾಠ ಕೂರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳು ಕೂರುವುದಿಲ್ಲ. ಅಂಥ ಒಬ್ಬಳ ಬಗ್ಗೆ ಹೇಳಲೇಬೇಕು.

ನಾಲ್ಕನೇ ಕ್ಲಾಸಿನ ಹುಡುಗಿ. ಒಳ್ಳೆಯ ದನಿ. ಮನೆಯಲ್ಲಿ ಬಾಯಿ ಬಿಡುವುದಿಲ್ಲ ಅಂತ ಅವರಮ್ಮನಿಗೆ ಕೊರಗು. ಒಂದು ಸಂಜೆ ಕರೆದುಕೊಂಡು ಹೋಗಲು ಅವಳ ಅಜ್ಜಿ ಬಂದರು. ಶ್ರೀನಿವಾಸಪುರ ಕಡೆಯವರು, ಮನೆಮಾತು ತೆಲುಗು. ಮಳೆ ಹಿಡಿದುಕೊಂಡಿತ್ತು, ಒಳಗೆ ಬಂದು ಕೂತರು. ಶ್ರುತಿ ಪೆಟ್ಟಿಗೆ ಇನ್ನೂ ನುಡಿಯುತ್ತಿತ್ತು. ಅವರು ತಮ್ಮ ಪಾಡಿಗೆ ಕೈವಾರ ತಾತಯ್ಯನವರ ಒಂದು ತೆಲುಗು ಕೀರ್ತನೆ ಗುನುಗಲು ಶುರು ಮಾಡಿದರು. ಭಜನೆಯ ಧಾಟಿ, ಚಪ್ಪಾಳೆಯೇ ತಾಳ. ಶ್ರುತಿಗೆ ಅಚ್ಚುಕಟ್ಟಾಗಿ ಸೇರಿತು. ಹುಡುಗಿ ನನ್ನನ್ನು ನೋಡಿ, "ಮಿಸ್, ನಮ್ಮವ್ವ ಹಾಡ್ತಿರೋದು ಯಾವ ರಾಗ?" ಅಂದಳು.

ನನ್ನ ತರಗತಿಯಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ನೀನೇ ಹುಡುಕು ಅಂದೆ. ಅಜ್ಜಿ ಒಂದೊಂದೇ ಸಾಲು ಹೇಳಿದರು, ಇವಳು ಸ್ವರ ಹುಡುಕಿದಳು. ಮಧ್ಯಮ ಇಲ್ಲ, ನಿಷಾದ ಇಲ್ಲ. ಗಾಂಧಾರ ಅವಳಿಗೆ ಗೊತ್ತಿದ್ದದ್ದೇ, ಸರಳೆ ಕಲಿಸುವ ರಾಗ ಮಾಯಾಮಾಳವಗೌಳದ ಗಾಂಧಾರ. ರಿಷಭ, ಧೈವತ ಮಾತ್ರ ಮೇಲಕ್ಕೆ ಸರಿದಿವೆ. ಸ ರಿ ಗ ಪ ದ ಸ. ಮೋಹನ! ಅಜ್ಜಿಗೆ ಖುಷಿ, "ಇಷ್ಟು ವರ್ಷ ಹೆಸರೇ ಗೊತ್ತಿಲ್ಲದೆ ಹಾಡಿದೀನಲ್ಲಮ್ಮ" ಅಂದರು. ಹುಡುಗಿ ಮುಂದಿನ ಕ್ಲಾಸಿಗೆ ಬಂದಾಗ ಸರಳೆಗಳನ್ನೆಲ್ಲ ಮೋಹನದಲ್ಲಿ ಹೇಳಿಕೊಂಡು ಬಂದಿದ್ದಳು. ಯಾರೂ ಕೂರಿಸಿರಲಿಲ್ಲ.

ಆ ಮಗುವಿಗೆ ತಾನು ಕಲಿಯುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವತ್ತು ಕೇಳಿಸಿತು. ರುಚಿ ತೋರಿಸದೆ ದಿನಾ ತರಕಾರಿ ಹೆಚ್ಚು ಅಂದರೆ ಯಾರು ಹೆಚ್ಚುತ್ತಾರೆ? ಮನೆಯಲ್ಲಿ ಒಂದೇ ಒಂದು ಕೀರ್ತನೆ ಕೇಳದ ಮಗುವಿಗೆ ಸರಳೆ, ಜಂಟಿ, ಅಲಂಕಾರ ಎಲ್ಲವೂ ಸುಮ್ನೆ ಮಗ್ಗಿ. ಅದಕ್ಕೇ ನನಗೆ ಅನ್ನಿಸುವುದು, ಗೇಟಿನ ಹತ್ತಿರ ಯಾರಾದರೂ ಒಬ್ಬರು "ಮೇಡಂ, ಮಗೂಗೆ ಏನು ಕೇಳಿಸಲಿ?" ಅಂತ ಕೇಳಬಾರದಾ?

ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿ. ಆರ್.ಕೆ. ಶ್ರೀಕಂಠನ್ ಅವರ ಹಾಡಿಕೆ ಹಾಕಿ, ಸಾಹಿತ್ಯದ ಒಂದೊಂದು ಅಕ್ಷರವೂ ಕೇಳುತ್ತದೆ. ಪಿಟೀಲಿಗೆ ನಾಲ್ಕು ತಂತಿ, ಆದರೆ ಟಿ. ಚೌಡಯ್ಯನವರು ಏಳು ತಂತಿ ಹಾಕಿಕೊಂಡು ನುಡಿಸಿದರು ಅಂತ ಹೇಳಿ ಅವರ ಒಂದು ರೆಕಾರ್ಡ್ ಕೇಳಿಸಿ ನೋಡಿ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕಿತ್ತು, ಅದಕ್ಕೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರೆ ಮಂಗಳಾರತಿ ಆಯ್ತು ಅಂತ ಎಳೆದುಕೊಂಡು ಬರಬೇಡಿ. ಐದು ನಿಮಿಷ ನಿಲ್ಲಿ.

ಬೆಂಗಳೂರಿಗೇ ಹೋಗಬೇಕು ಅಂತಿಲ್ಲ. ನಿಮ್ಮ ಮಗು ಹೇಳುವ ಸರಳೆಯ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಗೀತದವರೆಲ್ಲ ನಂಬುತ್ತೇವೆ. "ಲಂಬೋದರ ಲಕುಮಿಕರ" ಗೀತೆ ಅವರದ್ದೇ. ಅವರ ಗುರುಗಳು ವ್ಯಾಸರಾಯರು. ವ್ಯಾಸರಾಯರಿಗೆ ವಿದ್ಯೆ ಕೊಟ್ಟವರು ಶ್ರೀಪಾದರಾಜರು, ಅವರ ಬೃಂದಾವನ ಇರುವುದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ. ಕೋಲಾರದಿಂದ ಹೆಚ್ಚು ಕಡಿಮೆ 30 ಕಿಲೋಮೀಟರ್. ತಿರುಪತಿಗೆ ಹೋಗುವಾಗ ಎಷ್ಟು ಸಲ ಅದೇ ದಾರಿಯಲ್ಲಿ ಹಾದು ಹೋಗಿದ್ದೀರಿ? ಒಂದು ಸಲ ಇಳಿದು, "ನೀನು ಕಲಿಯುತ್ತಿರುವ ಪಾಠದ ದೊಡ್ಡ ಗುರುಗಳು ಇಲ್ಲಿದ್ದವರು" ಅಂತ ಹೇಳಿ. ಅವರ "ಕಣ್ಗಳಿದ್ಯಾತಕೋ" ದೇವರನಾಮ ಕಾರಿನಲ್ಲಿ ಹಾಕಿಕೊಂಡು ಬನ್ನಿ. ಆಷಾಢದ ಗುರುಪೂರ್ಣಿಮೆಗೆ ಚಿಂತಾಮಣಿ ಹತ್ತಿರದ ಕೈವಾರದಲ್ಲಿ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ದೊಡ್ಡ ವಿದ್ವಾಂಸರೂ ಹಾಡುತ್ತಾರೆ, ಹಳ್ಳಿಯ ಭಜನೆಯವರೂ ಹಾಡುತ್ತಾರೆ. ಮಗು ಅಲ್ಲಿ ಓಡಾಡಲಿ, ತಿನ್ನಲಿ, ಮಧ್ಯೆ ನಿದ್ದೆ ಮಾಡಲಿ. ಪರವಾಗಿಲ್ಲ, ಕಿವಿಗೆ ಬಿದ್ದರೆ ಸಾಕು.

"ನಮಗೆ ಸಂಗೀತ ಬರಲ್ಲ ಮೇಡಂ, ನಾವೇನು ಹೇಳಿಕೊಡೋದು?" ಅನ್ನುವವರಿಗೆ. ಬರದಿದ್ದರೆ ಇನ್ನೂ ಒಳ್ಳೆಯದು. ಮಗುವಿನ ಹತ್ತಿರ ಕಲಿಯಿರಿ. ಆದಿತಾಳ ಹೇಗೆ ಹಾಕೋದು ಅಂತ ಕೇಳಿ. ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ತಟ್ಟಿ ತಿರುವು, ತಟ್ಟಿ ತಿರುವು. ಒಟ್ಟು ಎಂಟು. ನೀವು ತಾಳ ಹಾಕಿ, ಮಗು ಹಾಡಲಿ. ನಾಲ್ಕನೇ ಎಣಿಕೆಗೆ ನಿಮ್ಮ ಬೆರಳು ತಪ್ಪುತ್ತದೆ. ಮಗು ಬಿದ್ದು ಬಿದ್ದು ನಗುತ್ತದೆ, ಆಮೇಲೆ ಟೀಚರ್ ಥರ ಮುಖ ಮಾಡಿಕೊಂಡು "ಅಮ್ಮಾ, ಮೊದಲಿಂದ" ಅನ್ನುತ್ತದೆ. ಆ "ಮೊದಲಿಂದ" ಇದೆಯಲ್ಲ, ಅದೇ ನೀವು ಇಷ್ಟು ದಿನ ಗದರಿಸಿ ಮಾಡಿಸಲು ನೋಡುತ್ತಿದ್ದ ಪ್ರಾಕ್ಟೀಸು.

ಇಷ್ಟಾದ ಮೇಲೂ ಮಗುವಿಗೆ ಬೇಡ ಅನ್ನಿಸಿದರೆ ಬಿಡಿಸಿ, ನನಗೆ ಬೇಜಾರಿಲ್ಲ. ಕೇಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಮತ್ತೆ ಬರಬೇಕು ಅನ್ನಿಸಿದರೆ ಬಂದು ಹಿಂದಿನ ಸಾಲಿನಲ್ಲಿ ಕೂರಲಿ, ಫೀಸಿನ ಮಾತು ಆಮೇಲೆ. ನೀವೂ ಬನ್ನಿ, ಗಾಡಿ ಆಫ್ ಮಾಡಿ ಒಳಗೆ ಬನ್ನಿ.